ಸ್ನೇಹಿತರು ಎಂಬ ಒಂದು ಪದ

ಪ್ರೀತಿಯ ಮಗಳೇ,

ಅಮೆರಿಕದ ಕಪ್ಪು ಜನರ ಬ್ಲೂಸ್ ಎಂಬ ಹಾಡುಗಳನ್ನು ಹಾಡಿದ ಹೆಂಗಸರ ಬಗ್ಗೆ ನೀನು ಬರೆದ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಎರಡನೆಯ ಸಲ ಓದಿದ್ದು ಸಿಟ್ಟಿನಿಂದ. ‘ಅಮೆರಿಕದ ಕಪ್ಪು ಹೆಂಗಸರ ಹಾಡು ಕಟ್ಟಿಕೊಂಡು ನಮಗೇನಾಗಬೇಕು’ ಎಂದು ಯಾರೋ ಹಿಂತಿರುಗಿಸಿದರಂತೆ, ಇನ್ನು ಬರೆಯುವುದೇ ಇಲ್ಲ ಎಂದು ನೀನು ಕೂತಿದ್ದೀಯಂತೆ. ಅದು ಹಾಗಿರಲಿ. ಪುಟ ಎಷ್ಟಿರಬೇಕು, ಯಾವ ಪ್ರಕಾಶಕರು ವಾಸಿ ಎಂದು ಕೇಳಿದ್ದಕ್ಕೂ ನನ್ನಲ್ಲಿ ಉತ್ತರವಿಲ್ಲ. ನನ್ನ ಜಗಳವಿರುವುದು ಮೂರನೆಯ ಅಧ್ಯಾಯದ ಒಂದು ಪದದೊಂದಿಗೆ.

ಬ್ಲೂಸ್ ಗಾಯಕಿ ಮಾ ರೇನಿ 1928ರಲ್ಲಿ ಹಾಡಿದ ‘ಪ್ರೂವ್ ಇಟ್ ಆನ್ ಮಿ ಬ್ಲೂಸ್’ನ ಸಾಲದು. ನಿನ್ನೆ ರಾತ್ರಿ ಗೆಳತಿಯರ ಗುಂಪು ಕಟ್ಟಿಕೊಂಡು ಹೊರಗೆ ಹೋಗಿದ್ದೆ ಎಂದು ನೀನು ಕನ್ನಡಿಸಿದ್ದೀಯ. ಅವಳು ಹಾಗೆ ಹಾಡಲಿಲ್ಲ. ಅವಳ ಬಾಯಲ್ಲಿ ಅವರು ಬರೀ ಸ್ನೇಹಿತರು; ಹೆಣ್ಣೋ ಗಂಡೋ ಗೊತ್ತಾಗುವುದಿಲ್ಲ. ಕೇಳುವವನು ತನಗೆ ಬೇಕಾದ್ದನ್ನು ಊಹಿಸಿಕೊಳ್ಳಲಿ ಎಂದು ಬಿಟ್ಟು, ಆಮೇಲೆ, ಹೆಂಗಸರೇ ಇದ್ದಿರಬೇಕು, ಗಂಡಸರು ನನಗೆ ಹಿಡಿಸುವುದಿಲ್ಲವಲ್ಲ ಎನ್ನುತ್ತಾಳೆ. ಅವಳು ಸರಿಸಬೇಕಿದ್ದ ಪರದೆಯನ್ನು ನೀನು ಮೊದಲೇ ಎಳೆದುಹಾಕಿದೆ. ಸ್ನೇಹಿತರು ಎಂಬ ಪದ ಕನ್ನಡದಲ್ಲಿ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು!

ಅದರ ಕೆಳಗೆ ಇದನ್ನು ‘ದಿಟ್ಟ ತಪ್ಪೊಪ್ಪಿಗೆ’ ಎಂದಿದ್ದೀಯ. ಎಲ್ಲಿ ಒಪ್ಪಿಕೊಂಡಳು? ಯಾರೂ ನನ್ನನ್ನು ಹಿಡಿದಿಲ್ಲ, ಬೇಕಿದ್ದರೆ ಸಾಬೀತು ಮಾಡಿ ಎನ್ನುತ್ತಾಳೆ. ಅವಳ ಗ್ರಾಮಫೋನ್ ತಟ್ಟೆಗಳನ್ನು ಹೊರತಂದ ಪ್ಯಾರಾಮೌಂಟ್ ಕಂಪನಿ ಈ ಹಾಡಿಗೆ ಕೊಟ್ಟ ಜಾಹೀರಾತನ್ನು ನೋಡು. ಗಂಡಸರ ಕೋಟು, ಟೈ, ಹ್ಯಾಟು ತೊಟ್ಟ ಹೆಂಗಸು ಇಬ್ಬರು ಯುವತಿಯರೊಂದಿಗೆ ಮಾತಿಗೆ ನಿಂತಿದ್ದಾಳೆ. ದೂರದಿಂದ ಪೊಲೀಸಿನವನು ಗಮನಿಸುತ್ತಿದ್ದಾನೆ. ಅವಳ ಗುಟ್ಟನ್ನು ಕಂಪನಿಯೇ ಸರಕು ಮಾಡಿ ಮಾರಿತು. ಅವಳ ದಿಟ್ಟತನವನ್ನು ಬರೆದ ನೀನು ಈ ವ್ಯಾಪಾರದ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ.

ಇಷ್ಟು ಗದರಲು ಕಾರಣವಿದೆ. ಮೂವತ್ತು ವರ್ಷಗಳ ಹಿಂದೆ ಇದೇ ಹಾಡಿನ ಬಗ್ಗೆ ಒಂದು ವಾರಪತ್ರಿಕೆಗೆ ಬರೆದಿದ್ದೆ. ‘ಗಂಡಸರು ನನಗೆ ಹಿಡಿಸುವುದಿಲ್ಲ’ ಎಂಬುದನ್ನು ಸಂಪಾದಕರು ‘ಗಂಡಸರ ಸಹವಾಸ ಸಾಕಾಗಿದೆ’ ಎಂದು ತಿದ್ದಿ, ಮನೆಮಂದಿಯೆಲ್ಲ ಓದುವ ಪತ್ರಿಕೆ ಎಂದರು. ಮಾ ರೇನಿ ಗಂಡನ ಕಾಟಕ್ಕೆ ಬೇಸತ್ತ ಗೃಹಿಣಿಯಾಗಿಹೋದಳು. ನಾನು ತುಟಿ ಪಿಟಕ್ಕೆನ್ನದೆ ಇನ್ನೂರು ರೂಪಾಯಿ ಸಂಭಾವನೆ ತೆಗೆದುಕೊಂಡೆ. ಆ ಲೇಖನವನ್ನು ಮೆಚ್ಚಿ ಪತ್ರಗಳೂ ಬಂದವು. ಒಂದಕ್ಕೂ ಉತ್ತರಿಸಲಾಗಲಿಲ್ಲ.

ಈ ಗಾಯಕಿಯರ ಬಗ್ಗೆ ಅಮೆರಿಕದ ಕಪ್ಪು ಚಿಂತಕಿ ಏಂಜೆಲಾ ಡೇವಿಸ್ 1998ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಪುಟಪುಟಕ್ಕೂ ಉದ್ಧರಿಸಿದ್ದೀಯ. ಒಳ್ಳೆಯದೇ. ಆದರೆ ಆಕೆ ರೇನಿಯ, ಇನ್ನೊಬ್ಬ ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್‌ಳ ಹಾಡುಗಳನ್ನು ಕಿವಿಯಿಂದ ಕೇಳಿ ಸಾಹಿತ್ಯವನ್ನು ಬರೆದುಕೊಂಡವರು. ಪ್ಯಾರಾಮೌಂಟ್‌ನ ಗ್ರಾಮಫೋನ್ ತಟ್ಟೆಗಳಲ್ಲಿ ಒಗ್ಗರಣೆಯ ಸಾಸಿವೆ ಸಿಡಿದಂಥ ಸದ್ದಿನ ನಡುವೆ ಪದ ಹೆಕ್ಕುವುದೆಂದರೆ ಸುಮ್ಮನೆಯಲ್ಲ. ನೀನೂ ಒಂದು ಹಾಡನ್ನಾದರೂ ಹೆಕ್ಕು.

ಗ್ಲಾಡಿಸ್ ಬೆಂಟ್ಲಿಯ ಅಧ್ಯಾಯ ಓದುವಾಗ ನಿನ್ನ ಬೆನ್ನು ತಟ್ಟಬೇಕೆನಿಸಿತು. ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನಲ್ಲಿ ಗಂಡಸರ ಬಿಳಿ ಟಕ್ಸಿಡೊ ಸೂಟು ತೊಟ್ಟು, ಪಿಯಾನೊ ನುಡಿಸುತ್ತ ಪೋಲಿ ಹಾಡು ಹಾಡುತ್ತಿದ್ದವಳು ಅಲ್ಲಿ ಉಸಿರಾಡುತ್ತಾಳೆ. ಆದರೆ 1952ರಲ್ಲಿ ‘ಎಬೊನಿ’ ಪತ್ರಿಕೆಯಲ್ಲಿ, ನಾನು ಮತ್ತೆ ಹೆಣ್ಣಾದೆ ಎಂಬ ತಲೆಬರಹದಡಿ, ಸಲಿಂಗ ಪ್ರೇಮವನ್ನು ತೊರೆದೆನೆಂದು ಅವಳೇ ಬರೆದದ್ದನ್ನು ನುಂಗಿಬಿಟ್ಟೆಯಲ್ಲ! ಅಮೆರಿಕದಲ್ಲಿ ಸಲಿಂಗಿಗಳನ್ನು ಸರ್ಕಾರಿ ನೌಕರಿಯಿಂದ ಹುಡುಕಿ ಹುಡುಕಿ ಕಿತ್ತುಹಾಕುತ್ತಿದ್ದ ಕಾಲ ಅದು. ಹೆದರಿ ಬರೆದಳೋ ನಂಬಿ ಬರೆದಳೋ, ಬರೆದಿದ್ದಂತೂ ನಿಜ. ನಿನ್ನ ನಾಯಕಿಗೆ ಒಪ್ಪುವುದಿಲ್ಲವೆಂದು ನೀನು ಅದನ್ನು ಬಿಟ್ಟೆ. ನನ್ನ ಸಂಪಾದಕರು ಮಾಡಿದ್ದೂ ಅದನ್ನೇ.

ಹಸ್ತಪ್ರತಿಯನ್ನು ನಾಳೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತೇನೆ. ಪೆನ್ಸಿಲ್ ಗುರುತುಗಳನ್ನು ಕ್ಷಮಿಸು. ಇನ್ನೊಂದು ಮಾತು: 1939ರಲ್ಲಿ ತೀರಿಕೊಂಡಾಗ ಮಾ ರೇನಿಯ ಮರಣಪತ್ರದ ವೃತ್ತಿಯ ಜಾಗದಲ್ಲಿ ‘ಮನೆಗೆಲಸ’ ಎಂದು ಬರೆದಿದ್ದರು. ನೀನು ಅದನ್ನು ಅಡಿಟಿಪ್ಪಣಿಯಲ್ಲಿ ಹಾಕಿದ್ದೀಯ. ಮೇಲಕ್ಕೆ ತಾ.

ನಿನ್ನ ಮೇಷ್ಟ್ರು