ಬೆಲೆ ಏರಿದ್ದಕ್ಕೆ, ಖಾಲಿ ಪುಟ ಉಳಿದದ್ದಕ್ಕೆ

ಆತ್ಮೀಯ ಓದುಗರಿಗೆ ನಮಸ್ಕಾರ.

ನಮ್ಮ ಪ್ರಕಾಶನದ ಕಥಾಸಂಕಲನದ ಎರಡನೇ ಮುದ್ರಣ ಬಂದಿದೆ. 180 ರೂಪಾಯಿ ಇದ್ದದ್ದು 220 ಆಗಿದೆ. ಮೊದಲೇ ತಿಳಿಸಬೇಕಿತ್ತು. ಅಂಗಡಿಗೆ ಬಂದು, ಪುಸ್ತಕ ತಿರುಗಿಸಿ ನೋಡಿದ ಮೇಲೆ ನಿಮಗೆ ಗೊತ್ತಾಯಿತು. ತಪ್ಪು ನಮ್ಮದು, ಕ್ಷಮಿಸಿ.

ಆದರೆ ‘ಲಾಭಕ್ಕೆ ಏರಿಸಿದ್ದಾರೆ’ ಅನ್ನೋ ಮಾತು ನೋವು ಕೊಟ್ಟಿದೆ. 2025ರ ಸೆಪ್ಟೆಂಬರ್ 22ರಿಂದ ಮುದ್ರಣ ಕಾಗದದ ಜಿಎಸ್‌ಟಿ ಶೇ 12ರಿಂದ 18ಕ್ಕೆ ಹೋಯಿತು. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲವಲ್ಲ ಅಂತೀರಿ. ನಿಜ. ಮಾರುವಾಗ ತೆರಿಗೆ ಇಲ್ಲದ್ದಕ್ಕೇ, ಕಾಗದಕ್ಕೆ ಕಟ್ಟಿದ ತೆರಿಗೆ ನಮಗೆ ವಾಪಸ್ ಸಿಗುವುದಿಲ್ಲ. ಜೊತೆಗೆ ಮೊದಲ ಸಲ 1000 ಪ್ರತಿ ಹಾಕಿಸಿದ್ದೆವು, ಈ ಸಲ 500. ಅಚ್ಚಿಗೆ ಬೇಕಾದ ಪ್ಲೇಟಿನ ಖರ್ಚು ಅಷ್ಟೇ, ಅದನ್ನು ಹೊರುವ ಪ್ರತಿಗಳು ಅರ್ಧ. 2024ರ ಡಿಸೆಂಬರ್‌ನಲ್ಲಿ ಪುಸ್ತಕಗಳನ್ನು ಕಡಿಮೆ ದರಕ್ಕೆ ಕಳಿಸುತ್ತಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತಾಗ ಹೆಚ್ಚಿನ ಅಂಚೆ ಖರ್ಚನ್ನು ತಿಂಗಳುಗಟ್ಟಲೆ ಕೈಯಿಂದ ಹಾಕಿದೆವು. ಪುಸ್ತಕಗಳಿಗೆಂದೇ ಅಂಚೆ ಇಲಾಖೆ ತಂದ ಅಗ್ಗದ ಸೇವೆ ‘ಜ್ಞಾನ ಪೋಸ್ಟ್’ ಬಂದ ಮೇಲೆ ಸ್ವಲ್ಪ ಉಸಿರಾಡುತ್ತಿದ್ದೇವೆ.

ಎಲ್ಲರೂ ಕೇಳುವುದು ಒಂದೇ: ‘ಕಥೆ ಕಥೆ ನಡುವೆ ಖಾಲಿ ಪುಟ ಬಿಟ್ಟು, ಅದಕ್ಕೂ ದುಡ್ಡಾ?’ ಪುಸ್ತಕ ಅಚ್ಚಾಗುವುದು ಹದಿನಾರು ಪುಟದ ಫಾರಂ ಲೆಕ್ಕದಲ್ಲಿ. ನಮ್ಮದು 176 ಪುಟ, 11 ಫಾರಂ. 8 ಕಥೆಗಳ ನಡುವಿನ 7 ಖಾಲಿ ಪುಟ ತೆಗೆದರೆ 169. ಹತ್ತೂವರೆ ಫಾರಂಗೆ ಬರುವುದು 168. ಒಂದೇ ಒಂದು ಪುಟಕ್ಕಾಗಿ ಮತ್ತೆ 11 ಫಾರಂ! ಆ ಖಾಲಿ ಪುಟಗಳೆಲ್ಲ ಕೊನೆಗೆ ಹೋಗಿ ಕೂರುತ್ತಿದ್ದವು, ಅಷ್ಟೇ.

ಲೆಕ್ಕ ಹಾಗಿರಲಿ. ಸಂಕಲನದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಅಜ್ಜಿಯ ಕಥೆ ನೆನಪಿದೆಯಲ್ಲ? ಇಷ್ಟು ವರ್ಷ ಹಳದಿ ಅಂದುಕೊಂಡಿದ್ದ ಗೋಡೆ ಬಿಳಿ ಇದೆ. ‘ಹಾಗಾದ್ರೆ ನಾನು ಬಾಳಿದ ಮನೆ ಯಾವುದು?’ ಅಂತ ಕೇಳಿ ಸುಮ್ಮನಾಗುತ್ತಾಳೆ. ಅದರ ಬೆನ್ನಿಗೇ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದೆ ‘ನಾನು ಇದೀನಾ ಇಲ್ವಾ’ ಅಂತ ಕೂತ ಮುಂದಿನ ಕಥೆಯ ಗುಮಾಸ್ತ ಬಂದುಬಿಟ್ಟರೆ ಅಜ್ಜಿಗೆ ಅನ್ಯಾಯ ಅಲ್ವಾ? ಪ್ರೂಫ್ ಓದುವಾಗ ನಾವೇ ಅಲ್ಲಿ ಹಾಳೆ ಕೆಳಗಿಟ್ಟು ಎದ್ದು ಓಡಾಡಿದ್ದೇವೆ. ಈ ಮುದ್ರಣದಲ್ಲೂ ಆ ಪುಟಗಳು ಹಾಗೇ ಇವೆ. ಈ ವಿಷಯದಲ್ಲಿ ನಾವು ಬದಲಾಗುವುದಿಲ್ಲ.

ಮುಂಗಡ ಕೊಟ್ಟವರಿಗೆ ಹಳೇ ಬೆಲೆಗೇ ಪುಸ್ತಕ ಬರುತ್ತದೆ, ಒಂದು ರೂಪಾಯಿಯೂ ಜಾಸ್ತಿ ಕೇಳುವುದಿಲ್ಲ. 220 ಕಷ್ಟ ಅನ್ನುವ ವಿದ್ಯಾರ್ಥಿಗಳು ಅಂಗಡಿಗೇ ಬಂದು ಓದಿ. ಕಿಟಕಿ ಪಕ್ಕದ ಬೆಂಚು ಅಲ್ಲೇ ಇದೆ. ಸಂಜೆ ಬೆಳಕು ಚೆನ್ನಾಗಿರುತ್ತದೆ.

ನಿಮ್ಮ,
ಪ್ರಕಾಶನದ ಬಳಗ