ಪಕ್ಕದ ಕುರ್ಚಿ

ಕಳೆದ ಶನಿವಾರ ನಮ್ಮ ಸಂಘದ ಕನ್ನಡ ತರಗತಿಯಲ್ಲಿ ಏಳು ವರ್ಷದ ಹುಡುಗನೊಬ್ಬ ನಮ್ಮ ತಂದೆಯವರನ್ನು, "ಅಜ್ಜಾ, ನಿಮ್ಮ ಕೆಲಸ ಏನು?" ಎಂದು ಕೇಳಿದ. ಅವನು ಬರೆದಿದ್ದ ಳಕಾರವನ್ನು ತಿದ್ದುತ್ತಿದ್ದ ಅವರು ತಲೆ ಎತ್ತದೆಯೇ, "ಸದ್ಯಕ್ಕ ನಿನ್ನ ಬಾಜೂಕ ಕೂಡೋದು ನೋಡಪಾ" ಎಂದರು. ಸಂಘದ ಪತ್ರಿಕೆಯ ಈ ಸಂಚಿಕೆ ಇಂದು ರಾತ್ರಿಯೇ ಅಚ್ಚಿಗೆ ಹೋಗಬೇಕು. ರಾಜ್ಯೋತ್ಸವದ ಬಗ್ಗೆ ಬರೆಯಲೆಂದು ಕುಳಿತವಳಿಗೆ ಆ ಮಾತು ಬಿಟ್ಟು ಬೇರೇನೂ ತೋಚುತ್ತಿಲ್ಲ, ಏಕೆಂದರೆ ಆ ಉತ್ತರ ಅವರಿಗೆ ಸುಲಭವಾಗಿ ದಕ್ಕಿದ್ದಲ್ಲ.

ಬೀದರ್ ಕನ್ನಡನಾಡಿಗೆ ಸೇರಿದ 1956ರಲ್ಲೇ ಹುಟ್ಟಿದ ತಂದೆಯವರು ಆ ಸೀಮೆಯ ಮೆಥೋಡಿಸ್ಟ್ ಕ್ರೈಸ್ತ ಸಭೆಗಳಲ್ಲಿ 38 ವರ್ಷ ಪಾಲಕರಾಗಿ, ಅಂದರೆ ಪಾದ್ರಿಗಳಾಗಿ ಇದ್ದರು. ವಾರ್ಷಿಕ ಕಾನ್ಫರೆನ್ಸಿನಲ್ಲಿ ಬಿಷಪ್ಪರು ನೇಮಕದ ಪಟ್ಟಿ ಓದಿದರೆಂದರೆ ಟ್ರಂಕು ಕಟ್ಟಿ ಹೊರಡುವುದೇ. ಹುಮನಾಬಾದ್, ಚಿಂಚೋಳಿ, ಯಾದಗಿರಿ, ಊರು ಯಾವುದಾದರೂ ಸಭೆಯವರು ಕೊಟ್ಟ ಮನೆಯೇ ನಮ್ಮ ಮನೆ. ಹೀಗಾಗಿ ನಿವೃತ್ತಿಯ ದಿನ ಬಂದಾಗ ಕೆಲಸದ ಜೊತೆಗೆ ಮನೆಯೂ, ಊರೂ, ಬೆಳಗಾಗುವ ಮೊದಲೇ 'ಅಯ್ಯನವರೇ' ಎಂದು ಬಾಗಿಲು ತಟ್ಟುವ ದನಿಯೂ ಒಂದೇ ಸಲಕ್ಕೆ ಕೈಬಿಟ್ಟವು.

ಬೀದರಿನ ಮಂಗಲಪೇಟೆಯಲ್ಲಿ ಬಾಡಿಗೆ ಮನೆ ಹಿಡಿದು ಸಾಮಾನು ಇಳಿಸಿದ ಮೊದಲ ಭಾನುವಾರ ನಾನೂ ಅಲ್ಲಿದ್ದೆ. ಅವರು ಎಂದಿನಂತೆ ಐದಕ್ಕೆದ್ದು, ಸ್ನಾನ ಮಾಡಿ, ಬಿಳಿ ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಂಡು, ಸತ್ಯವೇದದಲ್ಲಿ ಮೂರು ಕಡೆ ಚೀಟಿ ಇಟ್ಟರು; ಅಂದು ಪ್ರಸಂಗ ಹೇಳುವವರು ತಾವಲ್ಲವೆಂಬುದು ಆಮೇಲೆ ನೆನಪಾಗಿರಬೇಕು, ಒಂದೊಂದೇ ಚೀಟಿ ತೆಗೆದು ಜೇಬಿಗೆ ಹಾಕಿಕೊಂಡರು. ದೇವಾಲಯದಲ್ಲಿ ಅವರ ಕಾಲು ತಾನಾಗಿಯೇ ಪಾಲಕರ ಕೋಣೆಯ ಕಡೆ ನಡೆದು, ಹೊಸ್ತಿಲ ಬಳಿ ನಿಂತು, ಹಿಂದಿರುಗಿತು. ಬಾಗಿಲ ಹತ್ತಿರದ ಬೆಂಚಿನ ತುದಿಯಲ್ಲಿ ಕುಳಿತರು. ಆರಾಧನೆಯ ಕೊನೆಗೆ ಆಶೀರ್ವಾದದ ಮಾತು ಬಂದಾಗ ಅವರ ಬಲಗೈ ಮೊಣಕಾಲಿನಿಂದ ಅಷ್ಟೇ ಅಷ್ಟು ಮೇಲೆದ್ದುದನ್ನೂ, ಎಡಗೈ ಅದನ್ನು ಮೆಲ್ಲಗೆ ಒತ್ತಿ ಹಿಡಿದುದನ್ನೂ ನಾನು ನೋಡಿದೆ. ಮನೆಗೆ ಬಂದ ಮೇಲೆ ಅವ್ವ ಏನೂ ಕೇಳಲಿಲ್ಲ.

ನಿವೃತ್ತರಾದವರು ಹಳೆಯ ಸಭೆಯ ಕೆಲಸಕ್ಕೆ ಕೈಹಾಕಬಾರದೆಂಬುದು ಮರ್ಯಾದೆ. ಮದುವೆ, ದೀಕ್ಷಾಸ್ನಾನಕ್ಕೆಂದು ಹಳೆಯ ಊರಿನವರು ಫೋನು ಮಾಡಿದಾಗ, ನಿಮ್ಮ ಪಾಲಕರನ್ನೇ ಕೇಳಿರೆಂದು ಅವರು ಹೇಳುತ್ತಿದ್ದರು. ಬರಬರುತ್ತ ಫೋನು ನಿಂತೇಹೋಯಿತು. ತಾವು ಮನೆಮನೆ ತಿರುಗಿ ಚಂದಾ ಎತ್ತಿ ಕಟ್ಟಿಸಿದ ಒಂದು ದೇವಾಲಯದ ಉತ್ಸವಕ್ಕೆ ಆಮಂತ್ರಣ ಪತ್ರಿಕೆ ಬಂತು, ಅದರಲ್ಲಿ ಅವರ ಹೆಸರಿರಲಿಲ್ಲ. ಆದರೂ ಹೋಗಿ ಜನರ ನಡುವೆ ಕುಳಿತು ಬಂದರು. ನನಗೆ ಇಂದಿಗೂ ಅದು ನುಂಗಲಾಗದ ತುತ್ತು.

ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ 1755ರಲ್ಲಿ ಆರಂಭಿಸಿದ ಒಡಂಬಡಿಕೆಯ ಆರಾಧನೆಯನ್ನು ಮೆಥೋಡಿಸ್ಟರು ಹೊಸ ವರ್ಷದ ಹೊತ್ತಿಗೆ ಆಚರಿಸುತ್ತಾರೆ. ನನ್ನನ್ನು ಕೆಲಸಕ್ಕೆ ಹಚ್ಚಿದರೂ ಸರಿ, ಬದಿಗಿರಿಸಿದರೂ ಸರಿ ಎಂದು ದೇವರಿಗೆ ಒಪ್ಪಿಸಿಕೊಳ್ಳುವ ಪ್ರಾರ್ಥನೆ ಅದರಲ್ಲಿದೆ. ಅಷ್ಟು ವರ್ಷ ಅದನ್ನು ಜನರಿಗೆ ಹೇಳಿಕೊಟ್ಟವರು ಆ ಸಲ ಬೆಂಚಿನಲ್ಲಿ ನಿಂತು ಹೇಳಬೇಕಾಯಿತು. ಎರಡನೆಯ ಮಾತಿಗೆ ಬಂದಾಗ ದನಿ ಹೊರಡಲಿಲ್ಲವೆಂದೂ, ಪಕ್ಕದಲ್ಲಿದ್ದ ಮುದುಕಿಯ ದನಿ ಹಿಡಿದುಕೊಂಡು ಮುಗಿಸಿದೆನೆಂದೂ ಅಂದು ರಾತ್ರಿ ಫೋನಿನಲ್ಲಿ ಹೇಳಿದರು.

ಆ ತಿಂಗಳಿಂದಲೇ ಅವರು ಬೆಳಗಿನ ಹೊತ್ತು ಊರಿನ ಆಸ್ಪತ್ರೆಯೊಂದಕ್ಕೆ ಹೋಗತೊಡಗಿದರು. ಜಹೀರಾಬಾದ್, ಉದಗೀರ್ ಕಡೆಯಿಂದ ಬಂದು ಚೀಟಿ ಹಿಡಿದು ನಿಂತವರಿಗೆ ತೆಲುಗಿನಲ್ಲೋ ಮರಾಠಿಯಲ್ಲೋ ದಖನಿಯಲ್ಲೋ ಓದಿ ಹೇಳುತ್ತಾರೆ, ಅರ್ಜಿ ತುಂಬಿಕೊಡುತ್ತಾರೆ, ಒಳಗಿನಿಂದ ಕರೆಯುವವರೆಗೆ ಪಕ್ಕದಲ್ಲಿ ಕುಳಿತಿರುತ್ತಾರೆ. ಕೇಳಿದವರಿಗಷ್ಟೇ ಪ್ರಾರ್ಥನೆ. ಹಿಂದೆ ಇಸ್ರಾಯೇಲರಲ್ಲಿ ದೇವರ ಗುಡಾರದ ಸೇವೆಗಿದ್ದ ಲೇವಿಯರು 50 ವರ್ಷಕ್ಕೆ ಸೇವೆಯಿಂದ ಬಿಡುಗಡೆ ಹೊಂದಿ, ಅನಂತರ ತಮ್ಮ ಸಹೋದರರಿಗೆ ನೆರವಾಗಿರಬಹುದೆಂಬ ವಿಧಿ ಸತ್ಯವೇದದ ಅರಣ್ಯಕಾಂಡದ 8ನೇ ಅಧ್ಯಾಯದಲ್ಲಿದೆಯಂತೆ. ಎಷ್ಟೋ ಸಲ ಓದಿಯೂ ಅದನ್ನು ದಾಟಿಕೊಂಡೇ ಹೋಗಿದ್ದೆ ಎನ್ನುತ್ತಾರೆ.

ಇನ್ನು ಸೂಚನೆಗಳು. ರಾಜ್ಯೋತ್ಸವ ನವೆಂಬರ್ ಮೊದಲ ಶನಿವಾರ, ಬೆಳಿಗ್ಗೆ ಹತ್ತಕ್ಕೆ. ಜೋಳದ ರೊಟ್ಟಿಗೆ ನಾಲ್ಕು ಮನೆಯವರು ಒಪ್ಪಿದ್ದಾರೆ, ಇನ್ನೂ ನಾಲ್ವರು ಬೇಕು. ಕುರ್ಚಿ ಜೋಡಿಸಲು ಒಂಬತ್ತಕ್ಕೇ ಬನ್ನಿ. ಮುಂದಿನ ಸಂಚಿಕೆಗೆ ಲೇಖನಗಳು ತಿಂಗಳ 20ರೊಳಗೆ ತಲುಪಲಿ, ಪುಟ ಕಟ್ಟಲು ಯಾರಾದರೂ ಕೈಜೋಡಿಸಿದರೆ ದೊಡ್ಡ ಉಪಕಾರ.

ತಂದೆಯವರು ಮಂಗಳವಾರ ಊರಿಗೆ ಹೊರಡುತ್ತಾರೆ. ಮೂರು ತಿಂಗಳು ಅವರು ಕುಳಿತಿದ್ದ ಹಿಂದಿನ ಸಾಲಿನ ಕುರ್ಚಿ ಈ ಶನಿವಾರದಿಂದ ಖಾಲಿ. ನಿವೃತ್ತರಾಗಿ ಮಕ್ಕಳ ಮನೆಗೆ ಬಂದಿರುವ ಹಿರಿಯರು ನಿಮ್ಮಲ್ಲಿದ್ದರೆ ದಯವಿಟ್ಟು ಕಳಿಸಿಕೊಡಿ, ಕರೆತರುವ ಹೊಣೆ ನನ್ನದು. ಪಾಠ ಮಾಡಲು ಬಾರದಿದ್ದರೂ ಚಿಂತೆಯಿಲ್ಲ. ಆ ಹುಡುಗನಿಗೆ ಳಕಾರ ಕೂತಿದೆ, ಒತ್ತಕ್ಷರ ಇನ್ನೂ ಶುರುವಾಗಬೇಕು.