ಶುಕ್ರವಾರ ಕೆಲಸ ಬಿಟ್ಟು ಊರಿಗೆ ಬಂದೆ, ನಿಮಗೆಲ್ಲ ಥ್ಯಾಂಕ್ಸ್ ಹೇಳ್ಬೇಕು

ಹೋದ ಶುಕ್ರವಾರ ಆಫೀಸಿನ ಐಡಿ ಕಾರ್ಡ್ ವಾಪಸ್ ಕೊಟ್ಟು, ಯಶವಂತಪುರದಲ್ಲಿ ಟ್ರೈನ್ ಹತ್ತಿ ಹಾಸನದಲ್ಲಿ ಇಳಿದು, ಹಳೇಬೀಡು ಬಸ್ ಹಿಡ್ದು ಮನೆಗೆ ಬಂದೆ. ಭಾನುವಾರ ಸಂಜೆ ವಾಪಸ್ ಹೋಗೋದಿಲ್ಲ ಇನ್ಮೇಲೆ. ನಂಗೆ 47, ಅಕೌಂಟ್ಸಲ್ಲಿ 23 ವರ್ಷ ಸರ್ವೀಸು. ಇಷ್ಟು ಬೇಗ ಹೆಂಗೆ ಬಿಟ್ಯೇ ಅಂತ ಎಲ್ರೂ ಕೇಳ್ತಿದಾರೆ, ಒಬ್ಳೇ ಮಾಡಿದ್ದಲ್ಲ ಇದು, ಅದಕ್ಕೇ ಬರೀತಿದೀನಿ.

ಮೊದ್ಲು ನಮ್ಮೂರಿನ ಪೋಸ್ಟಾಫೀಸ್ ಆರ್‌ಡಿ (ತಿಂಗಳು ತಿಂಗಳು ಇಷ್ಟು ಅಂತ ಕಟ್ಟೋ ಉಳಿತಾಯ) ಏಜೆಂಟ್ ಅಕ್ಕಂಗೆ. 2003ರಲ್ಲಿ ನನ್ನ ಮೊದಲ ಸಂಬಳ ಬಂದಾಗ 500 ರೂಪಾಯಿದು ಆರ್‌ಡಿ ಶುರು ಮಾಡಿಸಿದ್ರು, ನಾನು ಬೆಂಗಳೂರಲ್ಲಿದ್ರೂ ತಿಂಗಳು ತಿಂಗಳು ಅಮ್ಮನ ಹತ್ರ ಬಂದು ದುಡ್ಡು ಇಸ್ಕೊಂಡು ಪಾಸ್‌ಬುಕ್ಕಲ್ಲಿ ಹತ್ತಿಸ್ಕೊಂಡು ಬಂದು ಕೊಡೋರು. ಐದು ವರ್ಷಕ್ಕೆ ಆ ದುಡ್ಡು ಬಂತು, ಅದನ್ನ ತಗೊಂಡೇ 2008ರಲ್ಲಿ ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ) ಓಪನ್ ಮಾಡಿದ್ದು. ಅವತ್ತು ಬ್ಯಾಂಕಲ್ಲಿ ಕೂತಿದ್ದ ಸರ್, ಏಪ್ರಿಲ್ 5ರೊಳಗೆ ಕಟ್ಟಮ್ಮ, 5ನೇ ತಾರೀಕಿಂದ ತಿಂಗಳ ಕೊನೆವರೆಗೆ ಇರೋ ಕಮ್ಮಿ ಬ್ಯಾಲೆನ್ಸ್ ಮೇಲೇನೇ ಬಡ್ಡಿ ಲೆಕ್ಕ ಹಾಕೋದು ಅಂದಿದ್ರು. ಒಂದು ವರ್ಷಾನೂ ತಪ್ಪಿಸ್ಲಿಲ್ಲ ಸರ್, 2024ರ ಏಪ್ರಿಲಲ್ಲಿ ಮೆಚ್ಯೂರ್ ಆಯ್ತು, ಇನ್ನೈದು ವರ್ಷ ಮುಂದುವರ್ಸಿದೀನಿ.

ಆಮೇಲೆ ಆಫೀಸಲ್ಲಿ ಪಕ್ಕದ ಸೀಟಲ್ಲಿದ್ದ ನನ್ನ ಗೆಳತಿಗೆ, ಇವಳಿಗೆ ಎಷ್ಟು ಹೇಳಿದ್ರೂ ಸಾಲ್ದು. 40ಕ್ಕೇ ಬಿಟ್ಬಿಡ್ತೀನಿ ಅಂತ ಕೂತಿದ್ದೆ ನಾನು. ಊರಿನ ಸ್ಕೂಲ್ ಮಕ್ಕಳಿಗೆ ಸಂಜೆ ಹೊತ್ತು ಫೀಸ್ ಇಲ್ದೆ ಲೆಕ್ಕ ಹೇಳ್ಕೊಡ್ಬೇಕು, ಸಾಲ ಅಂತ ಯಾರ ಮುಂದೂ ನಿಲ್ಬಾರ್ದು, ಇಷ್ಟೇ ನನ್ನ ಆಸೆ. ತಿಂಗಳಿಗೆ 20 ಸಾವಿರದಲ್ಲಿ ಬದುಕ್ತೀನಿ ಅಂತ ಖರ್ಚಿನ ಶೀಟ್ ಮಾಡಿ ತೋರ್ಸಿದೆ. ಅವಳು ನೋಡಿ ಕೇಳಿದ್ದು ಒಂದೇ, "ನಿಮ್ಮಮ್ಮ ಬಂದೋರ್ನ ಬರಿಗೈಲಿ ಕಳ್ಸಲ್ಲ ಅಂತಿರ್ತೀಯಲ್ಲ, ಅದನ್ನ ಎಲ್ಲಿ ಬರ್ದಿದ್ಯೇ ಇದ್ರಲ್ಲಿ?" ಬರ್ದೇ ಇರ್ಲಿಲ್ಲ ನಾನು. ದೊಡ್ಡ ಆದರ್ಶ ಅಂತ ಹೊರಟೋಳು ಖರ್ಚು ಕಮ್ಮಿ ತೋರ್ಸಕ್ಕೆ ಮೊದ್ಲು ಕಿತ್ತಾಕಿದ್ದೇ ಅಮ್ಮನ ಕೈಯ್ಯನ್ನ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಮಾರನೇ ದಿನ ಇಬ್ರೂ ಕೂತು ಹೊಸ ಶೀಟ್ ಮಾಡಿದ್ವಿ, ಮೊದಲನೇ ಸಾಲೇ "ಕೊಡೋದು, 3,000". ಔಷಧಿ, ಮನೆ ರಿಪೇರಿ, ಮದುವೆ ಮುಂಜಿ ಎಲ್ಲ ಸೇರಿ ತಿಂಗಳಿಗೆ 35 ಸಾವಿರ, ವರ್ಷಕ್ಕೆ 4.2 ಲಕ್ಷ ಆಯ್ತು. ಕೆಲಸ ಬಿಡಕ್ಕೆ ವರ್ಷದ ಖರ್ಚಿನ 25 ಪಟ್ಟು ಕೂಡಿಟ್ಟಿದ್ರೆ ಸಾಕು ಅಂತಾರಲ್ಲ, ಅದು 1994ರಲ್ಲಿ ಬೆಂಗೆನ್ ಅನ್ನೋ ಹಣಕಾಸು ಸಲಹೆಗಾರರು ಅಮೆರಿಕದ ಲೆಕ್ಕ ಇಟ್ಕೊಂಡು 30 ವರ್ಷದ ರಿಟೈರ್ಮೆಂಟಿಗೆ ಹೇಳಿದ್ದು, ನಂಗೆ 40 ವರ್ಷಕ್ಕೂ ಬೇಕಾಗ್ಬೋದು, ಬೆಲೆ ವರ್ಷಕ್ಕೆ 6 ಪರ್ಸೆಂಟ್ ಏರಿದ್ರೂ 12 ವರ್ಷಕ್ಕೆ ಖರ್ಚು ಡಬಲ್. ಹಂಗಾಗಿ 33 ಪಟ್ಟು, ಹತ್ರ ಹತ್ರ 1.39 ಕೋಟಿ ಅಂತ ಇಟ್ಕೊಂಡ್ವಿ. ಇದ್ರಿಂದ ಏಳು ವರ್ಷ ಜಾಸ್ತಿ ದುಡೀಬೇಕಾಯ್ತು, ಒಂದು ದಿನಾನೂ ವೇಸ್ಟ್ ಅನ್ಸಿಲ್ಲ. 2020ರ ಜನವರಿಲಿ 12 ಸಾವಿರ ದಾಟಿದ್ದ ಷೇರುಪೇಟೆ ಸೂಚ್ಯಂಕ ನಿಫ್ಟಿ ಮಾರ್ಚ್ 23ಕ್ಕೆ 7,600ಕ್ಕೆ ಬಂದಾಗ ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಹಾಕೋ ದುಡ್ಡು) ನಿಲ್ಸಕ್ಕೆ ಹೋಗಿದ್ದೆ, ಫೋನಲ್ಲಿ ಬೈದು ತಡೆದಿದ್ದೂ ಇವಳೇ.

ಅತ್ತಿಗೆ, ನಿಮಗೆ ಏನಂತ ಹೇಳ್ಲಿ. 2021ರಲ್ಲಿ ಅಮ್ಮ ಬಿದ್ದು ಸೊಂಟ ಮುರ್ಕೊಂಡಾಗ ನಾನು ದುಡ್ಡು ಕಳ್ಸಿದೆ ಅಷ್ಟೆ, ನಾಲ್ಕು ತಿಂಗಳು ಎತ್ತಿ ಕೂರ್ಸಿ ಸ್ನಾನ ಮಾಡ್ಸಿದ್ದು ನೀವು. ಆ ನಾಲ್ಕು ತಿಂಗಳನ್ನ ಯಾವ ಶೀಟಲ್ಲಿ ಬರೀಲಿ ನಾನು? ಆಫೀಸ್ ಪಾಲಿಸಿ ಕೆಲಸದ ಜೊತೆಗೇ ಹೋಗುತ್ತೆ, ಮೊದಲೇ ಇರೋ ಕಾಯಿಲೆಗೆ ಹೊಸ ಪಾಲಿಸಿಲಿ ಮೂರು ವರ್ಷದವರೆಗೂ ಕಾಯ್ಸಬಹುದು ಅಂತ ಗೊತ್ತಾಗಿ ನಂದೇ ಒಂದು ಹೆಲ್ತ್ ಪಾಲಿಸಿ ಮಾಡಿಸ್ಕೊಂಡಿದ್ದು ಆಮೇಲೇನೇ.

ನಿನ್ನೆ ಸಂಜೆ ಜಗಲಿ ಮೇಲೆ ಒಂಬತ್ತು ಮಕ್ಕಳು ಭಿನ್ನರಾಶಿ ಮಾಡ್ತಾ ಕೂತಿದ್ರು. ಅಮ್ಮ ಕೋಲು ಊರ್ಕೊಂಡು ಒಳಗಿಂದ ಬಂದು ಒಬ್ಬೊಬ್ರ ಕೈಗೂ ಒಂದೊಂದು ಕೋಡುಬಳೆ ಇಟ್ರು. ಶೀಟಿನ ಆ ಮೊದಲನೇ ಸಾಲು ನಿಂದೇ ಕಣಮ್ಮ.